ವಿನ್ಸನ್ ಶಿಖರ 5,140 ಮೀಟರೋ 4,892 ಮೀಟರೋ? ಜನವೇ ಇಲ್ಲದ ಕಡೆ ಹೆಸರಿಟ್ಟವರು ಯಾರು?

ಭೂಗೋಳ ಟೀಚರ್
ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡ್ತೀನಿ. ಮೊನ್ನೆ ಒಂಬತ್ತನೇ ಕ್ಲಾಸಿನಲ್ಲಿ ಏಳು ಖಂಡಗಳ ಅತಿ ಎತ್ತರದ ಶಿಖರಗಳ ಪಟ್ಟಿ ಬರೆಸ್ತಿದ್ದೆ. ಅಂಟಾರ್ಕ್ಟಿಕಾಕ್ಕೆ ಬಂದಾಗ ಬೋರ್ಡ್ ಮೇಲೆ "ವಿನ್ಸನ್ ಮ್ಯಾಸಿಫ್, 5,140 ಮೀ." ಅಂತ ಬರೆದೆ. ನಾನು ಓದುವ ಕಾಲಕ್ಕೆ ಬಾಯಿಪಾಠ ಮಾಡಿದ ಸಂಖ್ಯೆ ಅದು. ನಮ್ಮ ಶಾಲೆಯ ಹಳೇ ಅಟ್ಲಾಸಿನಲ್ಲೂ ಅದೇ ಇದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು "ಮಿಸ್, ನಮ್ಮಣ್ಣನ ಪುಸ್ತಕದಲ್ಲಿ 4,892 ಅಂತ ಇದೆ" ಅಂದಳು. ಮೊಬೈಲಲ್ಲಿ ನೋಡಿದರೆ ಅವಳು ಹೇಳಿದ್ದೇ ಸರಿ.

ಬೆಟ್ಟವೊಂದು 248 ಮೀಟರ್ ಕುಗ್ಗಲು ಸಾಧ್ಯವೇ? ಅವಳಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ನಾಳೆ ಹೇಳ್ತೀನಿ ಅಂದೆ. ಅಷ್ಟರಲ್ಲಿ ಇನ್ನೊಬ್ಬ ಕೇಳಿದ: "ಮಿಸ್, ಅಲ್ಲಿ ಜನಾನೇ ಇಲ್ವಲ್ಲ, ಹೆಸರು ಇಟ್ಟಿದ್ದು ಯಾರು?" ಇದಕ್ಕೂ ಉತ್ತರ ಇರಲಿಲ್ಲ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳಬೇಕು.

ರಾತ್ರಿಪಾಳಿ
4,892 ಸರಿ. ಹಳೇ ಅಟ್ಲಾಸ್ ಬದಲಾಯಿಸಿ.

ನಕ್ಷೆಪ್ರೇಮಿ
ರಾತ್ರಿಪಾಳಿಯವರೇ, ಅಷ್ಟಕ್ಕೇ ಮುಗಿಸಬೇಡಿ. ಹಳೇ ಸಂಖ್ಯೆ ಅಚ್ಚಿನ ತಪ್ಪಲ್ಲ, ಆ ಕಾಲದ ಅಳತೆ.

ಟೀಚರ್, ಮೊದಲಿಂದ ಹೇಳ್ತೀನಿ. 1935ರ ನವೆಂಬರ್ 23ರಂದು ಅಮೆರಿಕದ ಲಿಂಕನ್ ಎಲ್ಸ್‌ವರ್ತ್ ಒಂದು ಪುಟ್ಟ ವಿಮಾನದಲ್ಲಿ ಅಂಟಾರ್ಕ್ಟಿಕಾದ ಒಂದು ಬದಿಯಿಂದ ಇನ್ನೊಂದು ಬದಿಗೆ ಹೊರಟ. ಪೈಲಟ್ ಹರ್ಬರ್ಟ್ ಹಾಲಿಕ್-ಕೆನ್ಯನ್. ದಾರಿಯಲ್ಲಿ, ಬರೀ ಬಿಳಿ ಬಯಲಿನ ನಡುವೆ ಒಂದು ಬೆಟ್ಟಸಾಲು ಕಂಡಿತು. ಕಾವಲಿಗೆ ನಿಂತ ಹಾಗೆ ಕಂಡದ್ದಕ್ಕೆ ಸೆಂಟಿನೆಲ್ ರೇಂಜ್ ಅಂತ ಹೆಸರಿಟ್ಟ. ಆದರೆ ಆ ಸಾಲಿನ ಅತಿ ಎತ್ತರದ ಭಾಗ ಜನರ ಕಣ್ಣಿಗೆ ಬಿದ್ದದ್ದು 1958ರ ಜನವರಿಯಲ್ಲಿ, ಅಮೆರಿಕ ನೌಕಾಪಡೆಯ ವಿಮಾನಗಳು ಆ ಕಡೆ ಹೋದಾಗ. ಯೋಚಿಸಿ, ಎವರೆಸ್ಟ್ ಹತ್ತಿ ಐದು ವರ್ಷ ಆಗುತ್ತಾ ಬಂದಿತ್ತು! ಒಂದು ಇಡೀ ಖಂಡದ ಅತಿ ಎತ್ತರದ ಶಿಖರವನ್ನು ಆವರೆಗೆ ಯಾರೂ ನೋಡಿರಲಿಲ್ಲ.

5,140 ಬಂದದ್ದು 1959ರ ಅಳತೆಯಿಂದ. 1980ರ ಹೊತ್ತಿಗೆ ಅದು 4,897 ಆಯಿತು. 2004ರಲ್ಲಿ ಆಸ್ಟ್ರೇಲಿಯಾದ ಡೇಮಿಯನ್ ಗಿಲ್ಡಿಯಾ ತಂಡ ಶಿಖರದ ಮೇಲೆ ಜಿಪಿಎಸ್ ಇಟ್ಟು 4,892 ಅಂತ ತೋರಿಸಿತು.

ಹೆಸರು ಕಾರ್ಲ್ ವಿನ್ಸನ್ ಎಂಬ ರಾಜಕಾರಣಿಯದು. ಜಾರ್ಜಿಯಾ ರಾಜ್ಯದಿಂದ 1914ರಿಂದ 1965ರವರೆಗೆ ಅಮೆರಿಕದ ಸಂಸತ್ತಿನಲ್ಲಿದ್ದವರು. ಅಂಟಾರ್ಕ್ಟಿಕಾ ಶೋಧನೆಗೆ ಸರ್ಕಾರದಿಂದ ದುಡ್ಡು ಕೊಡಿಸಿದ್ದಕ್ಕೆ ಈ ಗೌರವ.

ಧಾರವಾಡ ಪೇಡೆ
ಅಲ್ರೀ, ರೊಕ್ಕಾ ಕೊಡಿಸಿದವನ ಹೆಸರು ಖಂಡದ ದೊಡ್ಡ ಗುಡ್ಡಕ್ಕ? ಹತ್ತಿದವರ ಹೆಸರರ ಇಡಬಾರದಿತ್ತೇನು? ನನಗ ಇದು ಸೇರಂಗಿಲ್ಲ ನೋಡ್ರಿ.

ನಕ್ಷೆಪ್ರೇಮಿ
ಹತ್ತಿದವರದ್ದೂ ಇದೆ ಪೇಡೆಯವರೇ. ಮೊದಲು ಹತ್ತಿದ್ದು 1966ರ ಡಿಸೆಂಬರ್ 18ರಂದು, ನಿಕೋಲಸ್ ಕ್ಲಿಂಚ್ ಮುಖಂಡತ್ವದ ತಂಡ. ಅವತ್ತು ತುದಿ ಮುಟ್ಟಿದ ನಾಲ್ವರು ಬ್ಯಾರಿ ಕಾರ್ಬೆಟ್, ಜಾನ್ ಎವಾನ್ಸ್, ವಿಲಿಯಂ ಲಾಂಗ್, ಪೀಟ್ ಶೋನಿಂಗ್. 2006ರಲ್ಲಿ ಅದೇ ಗಿರಿಸ್ತೋಮದ ಬೇರೆ ಬೇರೆ ತುದಿಗಳಿಗೆ ಕ್ಲಿಂಚ್, ಕಾರ್ಬೆಟ್, ಶೋನಿಂಗ್ ಹೀಗೆ ತಂಡದವರ ಹೆಸರು ಕೊಟ್ಟರು. ನಲವತ್ತು ವರ್ಷ ಕಾಯಬೇಕಾಯಿತು, ಅದು ಬೇರೆ ಮಾತು.

ಟೋಟಲ್‌ಸ್ಟೇಷನ್
ನಾನು ಇಪ್ಪತ್ತು ವರ್ಷದಿಂದ ಸರ್ವೆ ಕೆಲಸದಲ್ಲಿದ್ದೀನಿ. ಎತ್ತರದ ವಿಷಯ ಹೇಳಲು ಬಿಡಿ.

ಟೀಚರ್, ನಿಮ್ಮ ಹುಡುಗಿಗೆ ಹೀಗೆ ಹೇಳಿ. ದೂರದ ಬೆಟ್ಟದ ಎತ್ತರ ತಿಳಿಯಲು ಮೂರು ವಿಷಯ ಬೇಕು. ನೀವು ನಿಂತ ಜಾಗದ ಎತ್ತರ, ಬೆಟ್ಟಕ್ಕಿರುವ ದೂರ, ಬೆಟ್ಟದ ತುದಿ ನೋಡಲು ದುರ್ಬೀನು ಎಷ್ಟು ಕೋನ ಮೇಲೆತ್ತಬೇಕು ಅನ್ನೋದು. ಮೂರರಲ್ಲಿ ಯಾವುದು ತಪ್ಪಿದರೂ ಉತ್ತರ ತಪ್ಪುತ್ತದೆ. ನಮ್ಮೂರಲ್ಲಾದರೆ ನಿಂತ ಜಾಗದ ಎತ್ತರಕ್ಕೆ ಬೆಂಚ್‌ಮಾರ್ಕ್ ಕಲ್ಲು ಸಿಗುತ್ತದೆ. ಹಳೇ ದೇವಸ್ಥಾನದ ಜಗಲಿ ಮೇಲೆ, ಸೇತುವೆ ಕಟ್ಟೆ ಮೇಲೆ ಬಾಣದ ಗುರುತು ಕೊರೆದಿರ್ತಾರೆ, ನೋಡಿರಬಹುದು. ಅದೂ ಬೇಡ, ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನ ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಅಂತ ಬರೆದಿರುತ್ತದಲ್ಲ. ಅಂಟಾರ್ಕ್ಟಿಕಾದ ಒಳನಾಡಿನಲ್ಲಿ ಇದು ಯಾವುದೂ ಇಲ್ಲ. ಕಾಲ ಕೆಳಗೆ ಸಾವಿರಾರು ಅಡಿ ಮಂಜುಗಡ್ಡೆ, ಸಮುದ್ರ ನೂರಾರು ಕಿಲೋಮೀಟರ್ ಆಚೆ. ಆ ಕಾಲದ ತಂಡಗಳು ತಾವು ನಿಂತ ಎತ್ತರವನ್ನು ಗಾಳಿಯ ಒತ್ತಡದಿಂದ ಲೆಕ್ಕ ಹಾಕ್ತಿದ್ದರು. ಹವೆ ಬದಲಾದರೆ ಒತ್ತಡ ಬದಲಾಗುತ್ತದೆ, ಎತ್ತರವೂ ಬದಲಾದ ಹಾಗೆ ಕಾಣುತ್ತದೆ.

ಇನ್ನು ಕೋನ. ಮಂಜಿನ ಮೇಲಿನ ಗಾಳಿ ವಿಪರೀತ ತಣ್ಣಗೆ, ಅದರ ಮೇಲಿನ ಪದರ ಅಷ್ಟು ತಣ್ಣಗಿಲ್ಲ. ಬೆಳಕು ಈ ಪದರಗಳಲ್ಲಿ ಬಾಗಿ ಬರುತ್ತದೆ. ಬೆಟ್ಟ ಇದ್ದದ್ದಕ್ಕಿಂತ ಮೇಲೆ ಕಾಣುತ್ತದೆ. ಬೇಸಿಗೆಯ ಮಧ್ಯಾಹ್ನ ಟಾರು ರಸ್ತೆ ಮೇಲೆ ನೀರು ನಿಂತ ಹಾಗೆ ಕಾಣುತ್ತದಲ್ಲ, ಅದರ ತಿರುಗುಮುರುಗು ಆಟ ಇದು.

ಮಲೆನಾಡ ಮಳೆ
ಎಷ್ಟು ಚೆನ್ನಾಗಿ ಹೇಳಿದ್ರಿ! ನಮ್ಮೂರ ಗಣಪತಿ ದೇವಸ್ಥಾನದ ಮೆಟ್ಟಿಲ ಮೇಲೆ ಆ ಬಾಣದ ಗುರುತು ಇದೆ. ಚಿಕ್ಕವರಿದ್ದಾಗ ನಿಧಿಯ ಗುರುತು ಅಂತ ಅಂದ್ಕೊಂಡಿದ್ವಿ.

ರಾತ್ರಿಪಾಳಿ
ಜಿಪಿಎಸ್ ಬಂದ ಮೇಲಾದರೂ ತಪ್ಪೇ ಇಲ್ಲ ಅನ್ನಬಹುದಲ್ಲ?

ಟೋಟಲ್‌ಸ್ಟೇಷನ್
ಇಲ್ಲ. ಜಿಪಿಎಸ್ ಕೊಡುವುದು ಭೂಮಿಗೆ ಗಣಿತದಲ್ಲಿ ಕಟ್ಟಿದ, ಧ್ರುವಗಳಲ್ಲಿ ತುಸು ಚಪ್ಪಟೆಯಾದ ನುಣ್ಣನೆಯ ಗೋಳದಿಂದ ಎತ್ತರ. ನಮಗೆ ಬೇಕಾದ್ದು ಸಮುದ್ರ ಮಟ್ಟದಿಂದ. ಎರಡೂ ಒಂದೇ ಅಲ್ಲ. ಬೆಂಗಳೂರಿನಲ್ಲಿ ಇವೆರಡರ ಮಧ್ಯೆ 85 ಮೀಟರ್ ಆಸುಪಾಸು ಅಂತರ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕೆರೆ ಕಾಲುವೆ ಸರ್ವೆಯಲ್ಲಿ ನಮ್ಮ ತಂಡ ಈ ತಿದ್ದುಪಡಿ ಹಾಕದೆ ಷೀಟು ಕೊಟ್ಟಿತ್ತು. ಪಕ್ಕದ ಊರಿನ ಹಳೇ ಮಟ್ಟಕ್ಕೆ ಜೋಡಿಸಿದಾಗ ನೀರು ಗುಡ್ಡ ಹತ್ತಬೇಕಾದ ಲೆಕ್ಕ ಬಂತು. ಮೂರು ದಿನ ಕೂತು ಎಲ್ಲಾ ಬಿಂದುಗಳನ್ನು ಮತ್ತೆ ತಿದ್ದಿದೆವು. ಆವತ್ತಿಂದ ಯಾವ ಬೆಟ್ಟದ ಎತ್ತರ ಕೇಳಿದರೂ ನನ್ನ ಮೊದಲ ಪ್ರಶ್ನೆ "ಯಾವುದರಿಂದ ಅಳೆದದ್ದು?"

ಉತ್ತರಧ್ರುವ
ಎಲ್ಲರೂ ಒಂದು ವಿಷಯ ಬಿಟ್ಟುಬಿಟ್ಟಿರಿ. 4,897 ಹೇಗೆ ಬಂತು ಅನ್ನೋ ಕಥೆ ನನಗೆ ಬಹಳ ಇಷ್ಟ. 1979ರ ಡಿಸೆಂಬರ್ 22ರಂದು ಇಬ್ಬರು ಜರ್ಮನ್ ವಿಜ್ಞಾನಿಗಳು ಮತ್ತು ಒಬ್ಬ ಸೋವಿಯತ್ ವಿಜ್ಞಾನಿ, ಅಮೆರಿಕದ ಯಾತ್ರೆಯ ಜೊತೆ ಹೋದವರು, ವಿನ್ಸನ್ ಹತ್ತಿದರು. ತುದಿಯಲ್ಲಿ ಕೆಂಪು ಬಾವುಟ ಕಟ್ಟಿದ ಒಂದು ಸ್ಕೀ ಕೋಲು ನೆಟ್ಟು ಬಂದರು. ಕೆಳಗಿನ ಸರ್ವೆಯವರಿಗೆ ದುರ್ಬೀನಿನಲ್ಲಿ ಗುರಿಯಿಡಲು ಅದೇ ಗುರುತಾಯಿತು. ಬರೀ ಬಿಳಿ ದಿಣ್ಣೆಯಲ್ಲಿ ತುದಿ ಯಾವುದು ಅಂತ ಹೇಗೆ ಹಿಡೀತೀರಿ? ಒಂದು ಕೋಲು ಇದ್ದರೆ ಹಿಡಿಯಬಹುದು. ಶೀತಲ ಸಮರದ ಕಾಲ ಬೇರೆ. ಅಂಥಾ ಹೊತ್ತಲ್ಲಿ ಮೂವರೂ ಒಟ್ಟಿಗೇ ಹತ್ತಿದ್ದಾರೆ.

ಟೋಟಲ್‌ಸ್ಟೇಷನ್
ಇದು ನನಗೆ ಗೊತ್ತಿರಲಿಲ್ಲ. ನಾವೂ ಗುಡ್ಡದ ನೆತ್ತಿಗೆ ಬಿದಿರು ಗಳ ನೆಟ್ಟು ಅದಕ್ಕೆ ಕೆಂಪು ಬಟ್ಟೆ ಕಟ್ತೀವಿ. ದನ ಕಾಯೋರು ಕಿತ್ಕೊಂಡು ಹೋಗ್ತಾರೆ ಅಂತ ಒಬ್ಬರು ಅಲ್ಲೇ ಕೂತಿರಬೇಕು. ಅಲ್ಲಿ ಆ ತೊಂದರೆ ಇಲ್ಲ, ಆದರೆ ಗಾಳಿ ಬಿಡಬೇಕಲ್ಲ.

ಕೊಡಗಿನ ಕಿತ್ತಳೆ
ವಿನ್ಸನ್ ಮ್ಯಾಸಿಫ್ ಮತ್ತು ಮೌಂಟ್ ವಿನ್ಸನ್ ಎರಡೂ ಒಂದೇನಾ? ಕೆಲವು ಕಡೆ ಹಾಗೆ, ಕೆಲವು ಕಡೆ ಹೀಗೆ ಬರೆದಿರ್ತಾರೆ.

ನಕ್ಷೆಪ್ರೇಮಿ
ಒಂದೇ ಅಲ್ಲ. ಮ್ಯಾಸಿಫ್ ಅಂದರೆ ಇಡೀ ಗಡ್ಡೆ, ಸುಮಾರು 21 ಕಿ.ಮೀ. ಉದ್ದ, 13 ಕಿ.ಮೀ. ಅಗಲ. ಅದರ ಅತಿ ಎತ್ತರದ ತುದಿಯೇ ಮೌಂಟ್ ವಿನ್ಸನ್. ಅಮೆರಿಕದ ಹೆಸರುಗಳ ಸಮಿತಿ 2006ರ ನವೆಂಬರ್ 1ರಂದು ಎರಡನ್ನೂ ಬೇರೆ ಬೇರೆ ಅಂತ ಘೋಷಿಸಿತು. ಅದಕ್ಕೆ ಹಳೇ ಪುಸ್ತಕಗಳಲ್ಲಿ ಗಡ್ಡೆಯ ಹೆಸರೇ ಶಿಖರದ ಹೆಸರೂ ಆಗಿತ್ತು.

ಪದಗಳ ಜಾಡು
ಮ್ಯಾಸಿಫ್‌ಗೆ ಕನ್ನಡದಲ್ಲಿ ಏನನ್ನಬೇಕು? "ಗಿರಿಸ್ತೋಮ" ಅಂತ ಮೇಲೆ ಒಬ್ಬರು ಬರೆದರು, ಮಕ್ಕಳ ಬಾಯಿಗೆ ಅದು ಬರಲ್ಲ. "ಬೆಟ್ಟಸಾಲು" ಅಂದರೆ ರೇಂಜ್ ಆಗುತ್ತದೆ. "ಬೆಟ್ಟಗಡ್ಡೆ" ಹೇಗೆ? ಒಂದೇ ಬುಡ, ಮೇಲೆ ಹತ್ತಾರು ಮೊಳಕೆ. ಅರಿಶಿನ ಗಡ್ಡೆ ಕಿತ್ತು ನೋಡಿದವರಿಗೆ ತಟ್ಟನೆ ಅರ್ಥವಾಗುತ್ತದೆ.

ಭೂಗೋಳ ಟೀಚರ್
ಬೆಟ್ಟಗಡ್ಡೆ! ನಾಳೆ ಇದನ್ನೇ ಬಳಸ್ತೀನಿ.

ಧಾರವಾಡ ಪೇಡೆ
ಬೆಟ್ಟಗಡ್ಡೆ ಛಲೋ ಐತಿ. ಆದರ ನನ್ನ ತಕರಾರು ಹಂಗ ಉಳೀತು. ಗುಡ್ಡ ನೋಡಿ ಹೆಸರಿಡಬೇಕು. ನಮ್ಮವರು ಕುದುರಿ ಮಾರಿ ಹಂಗ ಕಂಡದ್ದಕ್ಕ ಕುದುರೆಮುಖ ಅಂದ್ರು. ಅದು ಹೆಸರು! ವಿನ್ಸನ್ ಅಂದ್ರ ಗುಡ್ಡ ಕಣ್ಣ ಮುಂದ ಬರ್ತದೇನು?

ಉತ್ತರಧ್ರುವ
ಕುದುರೆಮುಖಕ್ಕೆ ಆ ಹೆಸರು ಬಂದದ್ದು ತಲೆತಲಾಂತರದಿಂದ ಅದನ್ನು ದಿನಾ ನೋಡಿದವರಿಂದ. ವಿನ್ಸನ್ ಸುತ್ತ ಯಾವ ಕಾಲದಲ್ಲೂ ಯಾರೂ ವಾಸ ಮಾಡಿಲ್ಲ. ಅಜ್ಜಿ ಹೇಳಿದ ಹೆಸರು ಅಂತ ಒಂದು ಇಲ್ಲವೇ ಇಲ್ಲ. ಎವರೆಸ್ಟ್‌ಗೂ ಇದಕ್ಕೂ ಅದೇ ವ್ಯತ್ಯಾಸ. ಅಲ್ಲಿ ಜನ ಚೋಮೊಲುಂಗ್ಮಾ ಅಂತ ಕರೀತಿದ್ದರು, ಆ ಹೆಸರು ಕಡೆಗಣಿಸಿ ಇನ್ನೊಂದು ಅಂಟಿಸಿದರು. ಅದು ಅನ್ಯಾಯ. ಇಲ್ಲಿ ಯಾರಿಂದಲೂ ಏನನ್ನೂ ಕಿತ್ತುಕೊಂಡಿಲ್ಲ.

ಚಾರಣಿಗ
ಎವರೆಸ್ಟ್ ಹೆಸರಿಗೆ, ಹಿಂದೆ ಭಾರತದ ಸರ್ವೆ ಮುಖ್ಯಸ್ಥರಾಗಿದ್ದ ಜಾರ್ಜ್ ಎವರೆಸ್ಟ್ ಸ್ವತಃ ಅವರೇ 1857ರಲ್ಲಿ ಆಕ್ಷೇಪ ಎತ್ತಿದ್ದರು, ಭಾರತದವರ ಬಾಯಲ್ಲಿ ತನ್ನ ಹೆಸರು ಹೊರಳಲ್ಲ ಅಂತ. ಶಿಖರದ ಎತ್ತರ ಲೆಕ್ಕ ಹಾಕಿದ ರಾಧಾನಾಥ ಸಿಕ್ದಾರರ ಹೆಸರು ಎಲ್ಲೂ ಇಲ್ಲ. ಭಾರತವನ್ನೆಲ್ಲ ಅಳೆದ ಆ ಸರ್ವೆಯ ಬೇರು ನಮ್ಮಲ್ಲೂ ಇದೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಅಳತೆ ಶುರು ಮಾಡುವುದಕ್ಕೂ ಮೊದಲು, 1800ರಲ್ಲಿ ಬೆಂಗಳೂರಿನ ಹತ್ತಿರ ಒಂದು ಆಧಾರ ರೇಖೆ ಅಳೆದಿದ್ದರು. ಮೈಸೂರು ಸೀಮೆಯ ಬಯಲಲ್ಲಿ ಸರಪಳಿ ಎಳೆದು ಕಲಿತ ವಿದ್ಯೆಯೇ ಹಿಮಾಲಯ ತಲುಪಿತು.

ಕೊಡಗಿನ ಕಿತ್ತಳೆ
ಅಂಟಾರ್ಕ್ಟಿಕಾದಲ್ಲಿ ಒಬ್ಬ ಭಾರತೀಯರ ಹೆಸರಿನ ಬೆಟ್ಟ ಇದೆ ಅಂತ ಓದಿದ ನೆನಪು. ಮೌಂಟ್ ಸಿನ್ಹಾ. ಕೃತಕ ಕಾಲಲ್ಲಿ ಎವರೆಸ್ಟ್ ಹತ್ತಿದ ಅರುಣಿಮಾ ಸಿನ್ಹಾ ಅವರ ಹೆಸರಲ್ವಾ ಅದು? ಅವರು ವಿನ್ಸನ್ ಕೂಡ ಹತ್ತಿದ್ದಾರಲ್ಲ.

ಮಿನಿಯಾಪೊಲಿಸ್ ಕನ್ನಡಿಗ
ಅಲ್ಲ, ಬೇರೆ ಸಿನ್ಹಾ. ಅರುಣಿಮಾ ವಿನ್ಸನ್ ಹತ್ತಿದ್ದು 2019ರ ಜನವರಿಯಲ್ಲಿ. ಮೌಂಟ್ ಸಿನ್ಹಾ ಅದಕ್ಕೂ ಬಹಳ ಹಿಂದಿನದು, ಅದು ಅಖೌರಿ ಸಿನ್ಹಾ ಅವರ ಹೆಸರು. ಮೂಲ ಬಿಹಾರದವರು, ನಮ್ಮ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. 1971-72ರಲ್ಲಿ ಸೌತ್‌ವಿಂಡ್ ಎಂಬ ಹಡಗಿನಲ್ಲಿ ಹೋಗಿ ಬೆಲಿಂಗ್‌ಹೌಸೆನ್, ಅಮುಂಡ್‌ಸೆನ್ ಸಮುದ್ರಗಳಲ್ಲಿ ಸೀಲ್, ತಿಮಿಂಗಿಲ, ಹಕ್ಕಿಗಳ ಗಣತಿ ಮಾಡಿದ ಜೀವಶಾಸ್ತ್ರ ತಂಡದಲ್ಲಿ ಇದ್ದರು. ಮೇರಿ ಬರ್ಡ್ ಲ್ಯಾಂಡ್‌ನಲ್ಲಿರುವ ಆ ಬೆಟ್ಟ 990 ಮೀಟರ್. ಅಂದರೆ ನಮ್ಮ ಮುಳ್ಳಯ್ಯನಗಿರಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಪೇಡೆಯವರು ಹೇಳಿದ ಹಾಗೆ ದುಡ್ಡು ಕೊಡಿಸಿದವರ ಹೆಸರೂ ಇದೆ, ಹೆಲಿಕಾಪ್ಟರಿನಿಂದ ಸೀಲ್ ಎಣಿಸಿದವರ ಹೆಸರೂ ಇದೆ. ಎರಡನೆಯದು ನನಗೆ ಹೆಚ್ಚು ಹೆಮ್ಮೆ. ಇನ್ನೊಂದು ಮಾತು, ಅದೇ ವಿಶ್ವವಿದ್ಯಾಲಯದಲ್ಲಿ ಧ್ರುವಪ್ರದೇಶಗಳ ನಕ್ಷೆ ಮಾಡುವ ಕೇಂದ್ರ ಇದೆ. 2018ರಲ್ಲಿ ಅವರು ಉಪಗ್ರಹ ಚಿತ್ರಗಳಿಂದ ಅಂಟಾರ್ಕ್ಟಿಕಾದ ಎತ್ತರ ನಕ್ಷೆ ಹೊರತಂದರು. ಪ್ರತಿ ಎಂಟು ಮೀಟರಿಗೊಂದು ಎತ್ತರ.

ರಾತ್ರಿಪಾಳಿ
ಯಾರೂ ಇರದ ಕಡೆ ಅಷ್ಟೊಂದು ನಿಖರ ನಕ್ಷೆ ಯಾಕೆ ಬೇಕು? ನಮ್ಮೂರ ಮಳೆನೀರು ಕಾಲುವೆಗೇ ಸರಿಯಾದ ನಕ್ಷೆ ಇಲ್ಲ.

ಉತ್ತರಧ್ರುವ
ಯಾಕೆ ಬೇಕು ಅಂದರೆ, ಅಲ್ಲಿ ವಿಮಾನ ಹಾರುತ್ತವೆ. 2017ರಲ್ಲಿ ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯವರು ತಮ್ಮ ಪೈಲಟ್‌ಗಳ ಸುರಕ್ಷತೆಗೆ ಅಂತ ಉಪಗ್ರಹ ಚಿತ್ರಗಳಿಂದ ಬೆಟ್ಟಗಳ ಎತ್ತರ ಮತ್ತೆ ಲೆಕ್ಕ ಹಾಕಿದರು. ಮೌಂಟ್ ಹೋಪ್ ಎಂಬ ಶಿಖರ ಹಿಂದೆ ತಿಳಿದದ್ದಕ್ಕಿಂತ 377 ಮೀಟರ್ ಹೆಚ್ಚು ಎತ್ತರ ಅಂತ ಗೊತ್ತಾಯಿತು! 3,239 ಮೀಟರ್. ಅಲ್ಲಿಯವರೆಗೆ, ಬ್ರಿಟನ್ ತನ್ನದು ಅನ್ನುವ ಆ ಭಾಗದ ಅತಿ ಎತ್ತರದ್ದು ಮೌಂಟ್ ಜಾಕ್ಸನ್, 3,184 ಮೀಟರ್ ಅಂತ ಪುಸ್ತಕಗಳಲ್ಲಿತ್ತು. ಮೋಡದೊಳಗೆ ಹಾರುವ ಪೈಲಟ್‌ಗೆ 377 ಮೀಟರ್ ಅಂದರೆ ಏನು ಯೋಚಿಸಿ. ವಿನ್ಸನ್ ಕುಗ್ಗಿತು, ಹೋಪ್ ಬೆಳೆಯಿತು. ಹೋಪ್ ಎಂಬ ಹೆಸರು ಕೊಟ್ಟವನೂ ಅದೇ ಎಲ್ಸ್‌ವರ್ತ್, ಅದೇ 1935ರ ನವೆಂಬರಿನ ಹಾರಾಟದಲ್ಲಿ. ಪಕ್ಕದ ಎರಡಕ್ಕೆ ಫೇತ್, ಚಾರಿಟಿ ಅಂತ ಹೆಸರು. ನಂಬಿಕೆ, ಭರವಸೆ, ಕರುಣೆ.

1979ರ ನವೆಂಬರ್ 28ರ ದುರಂತ ಗೊತ್ತಿರಬಹುದು. ನ್ಯೂಜಿಲೆಂಡಿನಿಂದ ಅಂಟಾರ್ಕ್ಟಿಕಾ ತೋರಿಸಲು ಹೊರಟ ಪ್ರವಾಸಿ ವಿಮಾನ ಎರೆಬಸ್ ಪರ್ವತಕ್ಕೆ ಬಡಿಯಿತು. 257 ಜನ ಸತ್ತರು. ಅಲ್ಲಿ ಪರ್ವತದ ನಕ್ಷೆ ಸರಿಯಾಗೇ ಇತ್ತು. ಮಾರ್ಗದ ಅಂಕಿಗಳನ್ನು ಬದಲಾಯಿಸಿದ್ದು ಪೈಲಟ್‌ಗಳಿಗೆ ಗೊತ್ತಿರಲಿಲ್ಲ, ಮೇಲಿನ ಮೋಡ ಕೆಳಗಿನ ಹಿಮ ಎರಡೂ ಒಂದೇ ಬಿಳಿಯಾಗಿ ಬೆಟ್ಟದ ಏರು ಕಣ್ಣಿಗೆ ಕಾಣಲೇ ಇಲ್ಲ. ಹಾಗಾಗಿ ಆ ಕಡೆ ಅಂಕಿಯೇ ಕಣ್ಣು.

ರಾತ್ರಿಪಾಳಿ
ಸರಿ, ಒಪ್ಪಿದೆ. ನನ್ನ ಮಾತು ವಾಪಸ್.

ಧಾರವಾಡ ಪೇಡೆ
ಎರೆಬಸ್ ಅಂದ್ರ ಏನು?

ನಕ್ಷೆಪ್ರೇಮಿ
ಹಡಗಿನ ಹೆಸರು. 1841ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಎರಡು ಹಡಗುಗಳಲ್ಲಿ ಆ ಕಡೆ ಹೋದರು. ಎರೆಬಸ್, ಟೆರರ್. ಎದುರಿಗೆ ಹಿಮದ ನಡುವೆ ಬೆಂಕಿ ಉಗುಳುವ ಬೆಟ್ಟ! ಅದಕ್ಕೆ ಮೊದಲ ಹಡಗಿನ ಹೆಸರು, ಪಕ್ಕದ್ದಕ್ಕೆ ಎರಡನೆಯದರ ಹೆಸರು. ಆಮೇಲೆ ಆ ಎರಡೂ ಹಡಗುಗಳು ಉತ್ತರದ ಹಿಮದಲ್ಲಿ ಜಾನ್ ಫ್ರಾಂಕ್ಲಿನ್ ಎಂಬ ಶೋಧಕನ ಜೊತೆ ಕಳೆದುಹೋದವು, ಬೆಟ್ಟಗಳಲ್ಲಿ ಹೆಸರು ಉಳಿಯಿತು.

ಚಾರಣಿಗ
ಬೆಟ್ಟವೇ ಇಲ್ಲದ ಕಡೆ ಹೆಸರಿಟ್ಟದ್ದೂ ಉಂಟು. 1906ರಲ್ಲಿ ರಾಬರ್ಟ್ ಪಿಯರಿ ಉತ್ತರ ಧ್ರುವದ ಕಡೆ ದೂರದಲ್ಲಿ ಬೆಟ್ಟಗಳ ನಾಡು ಕಂಡೆ ಅಂತ ಹೇಳಿ ಕ್ರಾಕರ್ ಲ್ಯಾಂಡ್ ಅಂತ ಹೆಸರಿಟ್ಟರು. 1913ರಲ್ಲಿ ಅದನ್ನು ಹುಡುಕಲು ಒಂದು ತಂಡವೇ ಹೊರಟಿತು. ಬೆಟ್ಟ, ಕಣಿವೆ ಕಂಡದ್ದೂ ನಿಜ. ನಡೆದ ಹಾಗೆಲ್ಲ ಹಿಂದೆ ಸರಿಯಿತು. ಬರೀ ಮರೀಚಿಕೆ. ಟೋಟಲ್‌ಸ್ಟೇಷನ್ ಹೇಳಿದ ಆ ಬಾಗುವ ಬೆಳಕು.

ಮಲೆನಾಡ ಮಳೆ
ವಿಷಯ ಸ್ವಲ್ಪ ಬೇರೆ ಕಡೆ ಎಳೀತಿದ್ದೀನಿ, ಕ್ಷಮಿಸಿ. ಆದರೆ ಹೆಸರಿನ ಮಾತು ಬಂದಿದ್ದಕ್ಕೆ ಹೇಳಲೇಬೇಕು.

ನಮ್ಮ ಮನೆ ಹಿಂದೆ ಒಂದು ಗುಡ್ಡ ಇದೆ. ನಮ್ಮಜ್ಜ, ಅವರಜ್ಜ ಎಲ್ಲರೂ ಅದನ್ನು ಕರೆದದ್ದು ಬಾಣಂತಿಕಲ್ಲು ಅಂತ. ನೆತ್ತಿ ಮೇಲೆ ಒಬ್ಬಳು ಮಗು ಎತ್ತಿಕೊಂಡು ಕೂತ ಹಾಗಿರುವ ಬಂಡೆ. ಆರು ವರ್ಷದ ಹಿಂದೆ ಯಾರೋ ಚಾರಣಕ್ಕೆ ಬಂದವರು ಮೊಬೈಲ್ ನಕ್ಷೆಯಲ್ಲಿ ಅದಕ್ಕೆ "ಸನ್‌ಸೆಟ್ ಪಾಯಿಂಟ್" ಅಂತ ಹಾಕಿದರು. ಮೊದಮೊದಲು ನಕ್ಕೆವು. ಈಗ ಬಸ್ ಕಂಡಕ್ಟರ್ ಅದನ್ನೇ ಕೂಗ್ತಾರೆ, ಗೂಡಂಗಡಿಯ ಬೋರ್ಡಲ್ಲೂ ಅದೇ. ಮೊನ್ನೆ ನನ್ನ ತಂಗಿಯ ಮಗ, ಅದೇ ಊರಲ್ಲಿ ಹುಟ್ಟಿದವನು, "ಮಾಮಾ, ಬಾಣಂತಿಕಲ್ಲು ಅಂದ್ರೆ ಎಲ್ಲಿ?" ಅಂತ ಕೇಳಿದ. ಅವನ ಕೈ ಹಿಡ್ಕೊಂಡು ಹಿತ್ತಲಿಗೆ ಹೋಗಿ ತೋರಿಸಿದೆ. ಎದೆಯಲ್ಲಿ ಏನೋ ಕುಸಿದ ಹಾಗಾಯಿತು. ಅಂಟಾರ್ಕ್ಟಿಕಾದಲ್ಲಿ ಹೆಸರಿಡಲು ಸಮಿತಿ, ನಿಯಮ, ದಿನಾಂಕ ಎಲ್ಲಾ ಇದೆ. ನೂರಾರು ವರ್ಷ ಜನ ಬದುಕಿದ ಕಡೆ ಯಾರೋ ಒಬ್ಬರು ಬೆರಳಾಡಿಸಿದರೆ ಹೆಸರು ಹೋಗುತ್ತದೆ.

ಚಾರಣಿಗ
ನಿಮ್ಮ ನೋವು ಅರ್ಥವಾಗುತ್ತದೆ. ನಾವು ಚಾರಣಿಗರು ಈ ತಪ್ಪು ಮಾಡಿದ್ದೀವಿ, ಸುಳ್ಳು ಹೇಳಲ್ಲ. ಆದರೆ ಮುಕ್ತ ನಕ್ಷೆಗಳಲ್ಲಿ ಯಾರು ಬೇಕಾದರೂ ತಿದ್ದಬಹುದು, ಕನ್ನಡ ಹೆಸರಿಗೆ ಬೇರೆಯದೇ ಖಾನೆ ಇದೆ. ಬಾಣಂತಿಕಲ್ಲು ಅಂತ ನೀವೇ ತುಂಬಿ. ಊರವರು ನಾಲ್ಕು ಜನ ಸೇರಿ ಮಾಡಿದರೆ ಹೆಸರು ನಿಲ್ಲುತ್ತದೆ. ಬೇಕಾದರೆ ನಾನು ಹೇಳಿಕೊಡ್ತೀನಿ, ಖಾಸಗಿ ಸಂದೇಶ ಕಳಿಸಿ.

ಮಲೆನಾಡ ಮಳೆ
ಖಂಡಿತ ಕಳಿಸ್ತೀನಿ. ಬಹಳ ಉಪಕಾರ.

ಕೊಡಗಿನ ಕಿತ್ತಳೆ
ಎರಡು ಹೆಸರು ಇರುವುದು ತಪ್ಪೇನಲ್ಲ ಅಂತ ನನಗನ್ನಿಸುತ್ತೆ. ನಮ್ಮ ಕಡೆಯಿಂದ ಹತ್ತಿದರೆ ಪುಷ್ಪಗಿರಿ, ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದರೆ ಕುಮಾರಪರ್ವತ. ಇಬ್ಬರೂ ಬಿಟ್ಟುಕೊಡಲ್ಲ, ಬಿಟ್ಟುಕೊಡಲೂಬಾರದು.

ನಕ್ಷೆಪ್ರೇಮಿ
ಅಂಟಾರ್ಕ್ಟಿಕಾದಲ್ಲಿ ಅದೇ ಕಥೆ ಇನ್ನೂ ಜೋರು! ಒಂದೇ ಪರ್ಯಾಯ ದ್ವೀಪವನ್ನು ಬ್ರಿಟನ್ ಗ್ರಹಾಂ ಲ್ಯಾಂಡ್ ಅಂತಿತ್ತು, ಅಮೆರಿಕ ಪಾಮರ್ ಪೆನಿನ್ಸುಲಾ ಅಂತಿತ್ತು, ಚಿಲಿ ಓಹಿಗಿನ್ಸ್ ನಾಡು ಅಂತ, ಅರ್ಜೆಂಟೀನಾ ಸಾನ್ ಮಾರ್ಟಿನ್ ನಾಡು ಅಂತ. 1964ರಲ್ಲಿ ಬ್ರಿಟನ್ ಅಮೆರಿಕ ಒಪ್ಪಂದಕ್ಕೆ ಬಂದು ಅಂಟಾರ್ಕ್ಟಿಕ್ ಪೆನಿನ್ಸುಲಾ ಅಂತ ಮಾಡಿಕೊಂಡವು. ಹೆಸರಿಡುವುದು ಅಲ್ಲಿ ಬೇಲಿ ಹಾಕಿದ ಹಾಗೆ. 1959ರ ಅಂಟಾರ್ಕ್ಟಿಕ್ ಒಪ್ಪಂದ ನೆಲದ ಮೇಲಿನ ಹಕ್ಕಿನ ವಾದಗಳನ್ನು ಇದ್ದ ಹಾಗೇ ತಡೆದು ನಿಲ್ಲಿಸಿತು, ಆದರೆ ಹೆಸರಿಡುವುದು ನಿಲ್ಲಲಿಲ್ಲ. ಪ್ರತಿ ದೇಶಕ್ಕೂ ತನ್ನದೇ ಸಮಿತಿ. ಇಡೀ ಖಂಡಕ್ಕೆ ಒಂದೇ ಅಧಿಕಾರ ಅಂತ ಇಲ್ಲ. ಎಲ್ಲಾ ದೇಶಗಳ ಹೆಸರುಗಳನ್ನು ಸೇರಿಸಿದ ಒಂದು ಕೋಶ ಮಾತ್ರ ಇದೆ. ಅದರಲ್ಲಿ ಜಾಗಗಳಿಗಿಂತ ಹೆಸರುಗಳು ಸುಮಾರು ಎರಡು ಪಟ್ಟು.

ಪದಗಳ ಜಾಡು
ಬಲ್ಗೇರಿಯಾದವರು ಈ ವಿಷಯದಲ್ಲಿ ಬಹಳ ಮುಂದೆ. 1994ರಲ್ಲಿ ಸಮಿತಿ ಮಾಡಿಕೊಂಡು ಸೆಂಟಿನೆಲ್ ಸಾಲಿನ ತುಂಬಾ ತಮ್ಮ ಊರು, ದೊರೆ, ಸೈನಿಕರ ಹೆಸರಿಟ್ಟರು. ವಿನ್ಸನ್ ಬೆಟ್ಟಗಡ್ಡೆಯಲ್ಲೇ ಒಪಾಲ್ಚೆನಿಯೆ ಅಂತ ಒಂದು ಶಿಖರ ಇದೆ, 1877-78ರ ರಷ್ಯಾ-ತುರ್ಕಿ ಯುದ್ಧದಲ್ಲಿ ಹೋರಾಡಿದ ಅವರ ಸ್ವಯಂಸೇವಕರ ನೆನಪಿಗೆ. ಬ್ರಿಟನ್ನಿನವರು ಒಂದು ದ್ವೀಪದಲ್ಲಿ ಸಂಗೀತಗಾರರ ಹೆಸರೇ ತುಂಬಿದ್ದಾರೆ, ಬೀಥೋವನ್, ಬಾಕ್, ಮೊಜಾರ್ಟ್. ಬಲ್ಗೇರಿಯಾದಂಥ ಪುಟ್ಟ ದೇಶವೊಂದು ತನ್ನ ನುಡಿಯನ್ನು ಭೂಪಟದ ತುದಿಯವರೆಗೆ ಒಯ್ದದ್ದು ನನಗೆ ಹಿಡಿಸುತ್ತದೆ. ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ನಿಲ್ದಾಣ ಮೈತ್ರಿಯ ಪಕ್ಕದ ಕೆರೆಗೂ ಪ್ರಿಯದರ್ಶಿನಿ ಅಂತ ನಮ್ಮ ಹೆಸರಿದೆ.

ಉತ್ತರಧ್ರುವ
ನನಗೆ ಹಿಡಿಸಲ್ಲ. ಕಾಲಿಡದ ಬೆಟ್ಟಗಳಿಗೆ ಮೇಜಿನ ಮುಂದೆ ಕೂತು ನೂರಾರು ಹೆಸರು ಹಂಚುವುದು ಸರಿಯಲ್ಲ. ಸೆಂಟಿನೆಲ್ ಅಂತ ಎಲ್ಸ್‌ವರ್ತ್ ಇಟ್ಟದ್ದು ಕಣ್ಣಾರೆ ಕಂಡು. ಅದಕ್ಕೆ ಅದರಲ್ಲಿ ಜೀವ ಇದೆ.

ಪದಗಳ ಜಾಡು
ಹೆಸರಿಲ್ಲದ ಬೆಟ್ಟದಲ್ಲಿ ಯಾರಾದರೂ ಕಾಲು ಮುರಿದುಕೊಂಡರೆ ರೇಡಿಯೋದಲ್ಲಿ ಏನಂತ ಹೇಳ್ತೀರಿ? "ಆ ಚೂಪು ಬೆಟ್ಟದ ಪಕ್ಕದ ಚೂಪು ಬೆಟ್ಟ" ಅಂತಲೇ? ಹೆಸರು ಮೊದಲು ಬೇಕಾದ್ದು ಕೆಲಸಕ್ಕೆ.

ಉತ್ತರಧ್ರುವ
ಕೆಲಸಕ್ಕೆ ಅಕ್ಷಾಂಶ ರೇಖಾಂಶ ಸಾಕು.

ಟೋಟಲ್‌ಸ್ಟೇಷನ್
ಸಾಕಾಗಲ್ಲ. ವೈರ್‌ಲೆಸ್ಸಿನಲ್ಲಿ ಆರು ಅಂಕಿ ಹೇಳಿದರೆ ಆ ಕಡೆಯವರು ಒಂದನ್ನಾದರೂ ತಪ್ಪಾಗಿ ಬರೆದುಕೊಳ್ತಾರೆ. ಹೆಸರು ತಪ್ಪಲ್ಲ. ನಮ್ಮ ತಂಡದಲ್ಲಿ ಹೆಸರಿಲ್ಲದ ದಿಬ್ಬಗಳಿಗೂ ನಾವೇ ಒಂದು ಇಟ್ಕೊಳ್ತೀವಿ, ಒಂಟಿಮರ, ಮುರುಕಲು ಗೋಡೆ ಅಂತ. ಕೆಲಸ ಮುಗಿದ ಮೇಲೆ ಊರವರನ್ನ ಕೇಳಿ ಸರಿಯಾದ ಹೆಸರು ಬರೀತೀವಿ.

ಧಾರವಾಡ ಪೇಡೆ
ಊರವರನ್ನ ಕೇಳತೀವಿ ಅಂದ್ರಲ್ಲ, ಅದಕ್ಕ ನಿಮಗ ಕೈ ಮುಗೀತೀನ್ರಿ.

ರಾತ್ರಿಪಾಳಿ
ಅಮೆರಿಕದ ಡೆನಾಲಿ ಕಥೆನೂ ಇದೇ ಅಲ್ವಾ? ಅದೂ ಧ್ರುವದ ಶಿಖರ.

ನಕ್ಷೆಪ್ರೇಮಿ
ಧ್ರುವದ್ದಲ್ಲ, 63 ಡಿಗ್ರಿ ಉತ್ತರದಲ್ಲಿದೆ, ಆರ್ಕ್ಟಿಕ್ ವೃತ್ತದ ಈಚೆ. ಆರ್ಕ್ಟಿಕ್ ವೃತ್ತದ ಒಳಗಿನ ಅತಿ ಎತ್ತರದ್ದು ಗ್ರೀನ್‌ಲ್ಯಾಂಡಿನ ಗುನ್‌ಬ್ಯೋರ್ನ್, 3,694 ಮೀಟರ್. ಆದರೆ ಡೆನಾಲಿಯ ಕಥೆ ಹೌದು. ಅಲ್ಲಿನ ಜನರ ನುಡಿಯಲ್ಲಿ ಎತ್ತರದ್ದು ಅಂತ ಅರ್ಥ. 1896ರಲ್ಲಿ ಒಬ್ಬ ಚಿನ್ನ ಹುಡುಕುವವನು ಮೆಕಿನ್ಲಿ ಅಂದ. 2015ರಲ್ಲಿ ಕೇಂದ್ರ ಸರ್ಕಾರ ಡೆನಾಲಿ ಅಂತ ಮಾಡಿತು, 2025ರಲ್ಲಿ ಮತ್ತೆ ಮೆಕಿನ್ಲಿ ಅಂತ. ಅಲ್ಲಿ ಹೆಸರು ಕಿತ್ತುಕೊಂಡದ್ದು ನಿಜ.

ಭೂಗೋಳ ಟೀಚರ್
ಎಲ್ಲರಿಗೂ ವಂದನೆ. ಇಷ್ಟು ಸಿಗುತ್ತೆ ಅಂತ ನಿರೀಕ್ಷಿಸಿರಲಿಲ್ಲ. ವಾರದ ವರದಿ ಒಪ್ಪಿಸ್ತೀನಿ.

ಟೋಟಲ್‌ಸ್ಟೇಷನ್ ಹೇಳಿದ ಮೂರು ವಿಷಯ ಹಿಡ್ಕೊಂಡು ಮಕ್ಕಳಿಂದಲೇ ಅಳೆಸಿದೆ. ಜ್ಯಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಸೈಕಲ್ ನಟ್ಟು ತೂಗುಹಾಕಿ, ಅಂಚಿನುದ್ದಕ್ಕೂ ಖಾಲಿ ಪೆನ್ನಿನ ಕೊಳವೆ ಅಂಟಿಸಿದೆವು. ಶಾಲೆ ಹಿಂದಿನ ನೀರಿನ ಟ್ಯಾಂಕಿನ ಎತ್ತರ ಅಳೆಯಿರಿ ಅಂದೆ. ಐದು ಗುಂಪು, ಐದು ಉತ್ತರ. ಒಂದು ಗುಂಪು ಹದಿನಾಲ್ಕು ಮೀಟರ್ ಅಂದಿತು, ಇನ್ನೊಂದು ಹತ್ತೊಂಬತ್ತು. ದೂರವನ್ನು ಹೆಜ್ಜೆಯಲ್ಲಿ ಎಣಿಸಿದವರದ್ದು ಎಲ್ಲಕ್ಕಿಂತ ಹೆಚ್ಚು ತಪ್ಪಿತ್ತು, ಟೇಪು ಹಿಡಿದವರದ್ದು ಹತ್ತಿರ. ಅರ್ಧ ಗಂಟೆ ಜಗಳವೋ ಜಗಳ. 5,140 ಹೇಗೆ ಬಂತು ಅಂತ ಆಮೇಲೆ ನಾನು ಹೇಳಬೇಕಾಗಲೇ ಇಲ್ಲ.

ಗೋಡೆಯ ಪಟ್ಟಿಯಲ್ಲಿ ಹಿಂದಿನ ಬೆಂಚಿನ ಹುಡುಗಿ ಎರಡೂ ಸಂಖ್ಯೆ ಬರೆದು ಪಕ್ಕದಲ್ಲಿ 1959, 2004 ಅಂತ ಇಸವಿ ಹಾಕಿದ್ದಾಳೆ. ಈಗ ಅವಳದ್ದು ಹೊಸ ಪ್ರಶ್ನೆ: "ಮಿಸ್, ತುದಿ ಮೇಲೆ ಹಿಮ ಬಿದ್ದರೆ ಅದನ್ನೂ ಎತ್ತರಕ್ಕೆ ಸೇರಿಸ್ತಾರಾ?"

ಟೋಟಲ್‌ಸ್ಟೇಷನ್
ಆ ಹುಡುಗಿಯನ್ನು ಸರ್ವೆಗೆ ಕಳಿಸಿ! ಇದರ ಮೇಲೆ ದೇಶಗಳೇ ವಾದ ಮಾಡಿವೆ. ಎವರೆಸ್ಟ್‌ಗೆ ಚೀನಾ 2005ರಲ್ಲಿ ಹಿಮ ಬಿಟ್ಟು ಕಲ್ಲಿನ ತುದಿ 8,844.43 ಮೀಟರ್ ಅಂದಿತು. ನೇಪಾಳ ಹಿಮ ಸೇರಿಸಿದ್ದೇ ಎತ್ತರ ಅಂತ ಪಟ್ಟು ಹಿಡಿಯಿತು. 2020ರಲ್ಲಿ ಇಬ್ಬರೂ ಸೇರಿ ಹಿಮ ಸಮೇತ 8,848.86 ಅಂತ ಒಪ್ಪಿದರು.

ಭೂಗೋಳ ಟೀಚರ್
ನಾಳೆ ಮೊದಲ ಪೀರಿಯಡ್ ಅವರದ್ದೇ. ಹೇಳ್ತೀನಿ.